ನೀಲವ್ವನ ಬೂಟಿನೊಳಗಿನ ಗಾದಿ

ನಾನು ಒಂದು ಇನ್‌ಸೋಲ್. ಬೂಟಿನೊಳಗೆ, ಪಾದದ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದೆ ಇರುವ ಮೆತ್ತೆ. ಗದಗಿನ ನೀಲವ್ವ ನನ್ನನ್ನು ಗಾದಿ ಎಂದು ಕರೆದಳು. ಮಲಗುವ ಹಾಸಿಗೆಗೆ ಆ ಕಡೆಯವರು ಹೇಳುವ ಹೆಸರು ಅದು. ಹೆಸರು ಕೇಳಿ ನನ್ನದು ಸುಖದ ಜೀವನ ಎಂದುಕೊಳ್ಳಬೇಡಿ. ನನ್ನ ಮೇಲೆ ಯಾರೂ ಮಲಗುವುದಿಲ್ಲ, ಎಲ್ಲರೂ ತುಳಿಯುತ್ತಾರೆ. ತುಳಿಸಿಕೊಳ್ಳುವುದೇ ನನ್ನ ಕೆಲಸವಾದ್ದರಿಂದ ನನಗೆ ಅದರ ಬೇಸರವಿಲ್ಲ. ನನ್ನ ಬೇಸರವೆಲ್ಲ ತುಳಿಸಿಕೊಳ್ಳದೆ ಕಳೆದ ದಿನಗಳ ಬಗ್ಗೆ.

ನಾನು ಹುಟ್ಟಿದ್ದು ಒಂದು ಆಸ್ಪತ್ರೆಯ ಹಿಂಬದಿಯ ಸಣ್ಣ ಖೋಲಿಯಲ್ಲಿ. ಗೋಡೆಯ ತುಂಬ ಸೊಂಟದ ಪಟ್ಟಿ, ಕುತ್ತಿಗೆಯ ಪಟ್ಟಿಗಳು ನೇತಾಡುತ್ತಿದ್ದವು. ಅವುಗಳ ಕೆಳಗೆ ಕೂತು ಗುರುನಾಥ ಎಂಬಾತ ಫೋಮಿನ ಹಾಳೆ ಕತ್ತರಿಸುತ್ತಿದ್ದ. ಅಳತೆ ತೆಗೆಯಲು ಅವನು ನೆಲದ ಮೇಲೆ ಹಳೆಯ ಪೇಪರು ಹಾಸಿ, "ಇದರ ಮ್ಯಾಲೆ ನಿಂದರ್ರಿ ಅವ್ವಾರ" ಎಂದ. ನೀಲವ್ವ ನಿಲ್ಲಲಿಲ್ಲ. ಅಕ್ಷರವಿದ್ದ ಕಾಗದದ ಮೇಲೆ ಕಾಲಿಡುವುದು ಆಕೆಯಿಂದ ಆಗದ ಮಾತು. ಗುರುನಾಥ ನಕ್ಕು, ಎಲ್ಲೆಲ್ಲೋ ಹುಡುಕಿ ಒಂದು ಖಾಲಿ ಹಾಳೆ ತಂದು ಹಾಸಿದ. ಅದಕ್ಕೂ ಒಮ್ಮೆ ಮುಟ್ಟಿ ನಮಸ್ಕಾರ ಮಾಡಿಯೇ ಆಕೆ ಪಾದ ಇಟ್ಟದ್ದು. ನನ್ನ ಆಕಾರ ಆ ಪಾದದಿಂದ ಬಂತು. ಯಾರ ಕೈಗೆ ಬೀಳುತ್ತಿದ್ದೇನೆ ಎಂಬುದು ಅವತ್ತೇ ನನಗೆ ಗೊತ್ತಾಗಬೇಕಿತ್ತು.

ನಾನು ಬಲಗಾಲಿನವನು. ಎಡಗಾಲಿಗೆ ನನ್ನ ಜೊತೆಗಾರ ಒಬ್ಬನಿದ್ದಾನೆ. ಅವನು ಮಾತು ಕಡಿಮೆ, ಹಾಗಾಗಿ ಈ ಕಥೆ ಹೇಳುವ ಪಾಳಿ ನನ್ನ ಮೇಲೆ ಬಿದ್ದಿದೆ. ನಮ್ಮಿಬ್ಬರಿಗೂ ಹೊರಗಿನ ಅಂಚು ದಪ್ಪ, ಒಳಗಿನ ಅಂಚು ತೆಳು. ಅದು ಗುರುನಾಥನ ಕೈತಪ್ಪಲ್ಲ. ನೀಲವ್ವನ ಮೊಣಕಾಲುಗಳ ಒಳಬದಿಯ ಮೆದು ಎಲುಬು ಸವೆದಿತ್ತು. ನಿಂತಾಗಲೆಲ್ಲ ಮೈಭಾರ ಆ ಸವೆದ ಬದಿಗೇ ಬೀಳುತ್ತಿತ್ತು. ನನ್ನ ಮೇಲೆ ನಿಂತರೆ ಪಾದ ಒಂದಿಷ್ಟು ಓರೆಯಾಗಿ, ಆ ಬದಿಯ ಭಾರ ಸ್ವಲ್ಪ ಹಗುರಾಗುತ್ತದೆ. ನನ್ನಿಂದ ಆಗುವುದು ಇಷ್ಟೇ. ಸವೆದದ್ದನ್ನು ನಾನು ಮತ್ತೆ ಬೆಳೆಸಲಾರೆ. ಕೆಲವರಿಗೆ ನನ್ನಿಂದ ಏನೂ ಉಪಯೋಗವಾಗುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು.

"ನೋಡ್ರಿ ಅವ್ವಾರ, ಇದನ್ನ ಮೊದಲ ವಾರ ಸ್ವಲ್ಪ ಸ್ವಲ್ಪ ರೂಢಿ ಮಾಡ್ಕೋರಿ. ಆಮ್ಯಾಲೆ ದಿನಾ ಬಿಡದ ಹಾಕ್ಕೋಬೇಕು. ತೊಡಿ ಗಟ್ಟಿ ಆಗೂ ವ್ಯಾಯಾಮ ಹೇಳೇನಲ್ಲ, ಅದನ್ನೂ ಬಿಡಬ್ಯಾಡ್ರಿ" ಎಂದರು ಡಾಕ್ಟರು.

"ಹೂಂನ್ರಿ ಸಾಹೇಬ್ರ" ಎಂದಳು ನೀಲವ್ವ. ಆಕೆ ಹೂಂ ಅಂದರೆ ಮುಗಿಯಿತು. ಕೊಟ್ಟ ಮಾತು ತಪ್ಪುವ ಹೆಂಗಸಲ್ಲ.

ಗಾದಿ ಇಡಲು ಬೂಟು ಬೇಕಲ್ಲ. ಐವತ್ತೆಂಟು ವರ್ಷ ಚಪ್ಪಲಿಯಲ್ಲೇ ಕಳೆದ ನೀಲವ್ವ ಮೊದಲ ಸಲ ಬೂಟಿನ ಅಂಗಡಿಯ ಮೆಟ್ಟಿಲು ಹತ್ತಿದಳು. ಇಳಕಲ್ ಸೀರೆಯ ಕೆಳಗೆ ಲೇಸು ಕಟ್ಟಿದ ಕರಿ ಬೂಟು ನೋಡಿಕೊಂಡು ಆಕೆಗೆ ನಾಚಿಕೆಯೋ ನಾಚಿಕೆ. ಮನೆಗೆ ಬಂದಾಗ ನೆಗೆಣ್ಣಿ ಕಸ್ತೂರೆವ್ವ ಬಾಗಿಲಲ್ಲೇ ಹಿಡಿದು ನಿಲ್ಲಿಸಿದಳು.

"ಅಕ್ಕಾರ, ಪರೇಡಿಗೆ ಹೊಂಟೀರೇನು?"

"ನಿನ್ನ ಹಿಡಕೊಂಡ ಹೋಗಾಕ ಬಂದೇನಿ. ನಡಿ ಠಾಣೇಕ" ಎಂದಳು ನೀಲವ್ವ. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಈ ಇಬ್ಬರ ಬಗ್ಗೆ ಹೇಳಬೇಕು. ಅಣ್ಣತಮ್ಮಂದಿರ ಹೆಂಡಂದಿರು. ನೀಲವ್ವನ ಗಂಡ ತೀರಿಹೋದ ಮೇಲೆ, ಇಬ್ಬರೂ ಸೇರಿ ಹಳೆಯ ಪೇಟೆಯ ಓಣಿಯೊಂದರಲ್ಲಿ ಖಾನಾವಳಿ ಶುರು ಮಾಡಿದರು. ಪಲ್ಯ, ಸಾರು, ಚಟ್ನಿ ಕಸ್ತೂರೆವ್ವನ ಪಾಲು. ಅವಳ ಗಂಡ ಮಹಾಂತಪ್ಪ ಸಂತೆ, ಗಿರಣಿ, ದುಡ್ಡಿನ ಗಲ್ಲೆ ನೋಡಿಕೊಳ್ಳುವವನು. ಒಲೆಯ ಮುಂದೆ ನಿಂತು ಜೋಳದ ರೊಟ್ಟಿ ಬಡಿಯುವವಳು ನೀಲವ್ವ. ಊರಿನವರು ಆ ಖಾನಾವಳಿಗೆ ಬರೆಸಿದ ಬೋರ್ಡಿನ ಹೆಸರು ಹೇಳುವುದಿಲ್ಲ. "ನೀಲವ್ವನ ರೊಟ್ಟಿ ಉಣ್ಣಾಕ ಹೋಗೂಣು" ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದಾಗ ಆಕೆ ಕೇಳಿಸದವರ ಹಾಗೆ ಇರುತ್ತಿದ್ದಳು. ಆದರೆ ಹೆಜ್ಜೆ ಹಗುರಾಗುತ್ತಿತ್ತು. ಮುಖ ಕಾಣದ ನನಗೆ ಹೆಜ್ಜೆಯೇ ಸಾಕು.

ಮುಂಜಾನೆ ನಾವು ಮನೆಯಿಂದ ಹೊರಡುತ್ತಿದ್ದೆವು. ಓಣಿ ದಾಟಿ, ಹೂವಿನವರ ಸಾಲು ದಾಟಿ, ಖಾನಾವಳಿಯ ಹಿಂಬಾಗಿಲು. ತುಂಬಾ ದೂರವೇನಲ್ಲ, ಕೈಯಲ್ಲಿ ಹಿಡಿದ ಬಿಸಿ ಚಹಾ ಆರುವಷ್ಟು ಹೊತ್ತು. ಆ ದಾರಿಯಲ್ಲಿ ನಾನು ಜೀವ ತೇದು ಕೆಲಸ ಮಾಡುತ್ತಿದ್ದೆ. ಹಿಂಬಾಗಿಲಿಗೆ ಬಂದ ಕೂಡಲೇ ನೀಲವ್ವ ಕಟ್ಟೆಯ ಮೇಲೆ ಕೂತು ಲೇಸು ಬಿಚ್ಚಿ, ಬೂಟುಗಳನ್ನು ಹೊಸ್ತಿಲ ಹೊರಗೆ ಗೋಡೆಗೆ ಒತ್ತಿ ಇಟ್ಟು, ಕಾಲು ತೊಳೆದು ಒಳಗೆ ಹೋಗುತ್ತಿದ್ದಳು.

ಅಲ್ಲಿಗೆ ನನ್ನ ದಿನ ಮುಗಿಯುತ್ತಿತ್ತು, ಆಕೆಯ ದಿನ ಶುರುವಾಗುತ್ತಿತ್ತು.

ತೆರೆದ ಬಾಗಿಲಿನಿಂದ ನನಗೆ ಒಳಗಿನದು ಕಾಣುತ್ತಿತ್ತು. ನೀಲವ್ವ ಮೊದಲು ಒಲೆಯ ಕಟ್ಟೆ ಒರೆಸುವಳು. ಒಲೆಗೆ ವಿಭೂತಿ ಎಳೆದು, ಕುಂಕುಮ ಇಟ್ಟು, ಬೆಂಕಿ ಹಚ್ಚಿ, ಚಿಟಿಕೆ ಹಿಟ್ಟು ಬೆಂಕಿಗೆ ಹಾಕಿ ಕೈಮುಗಿಯುವಳು. ಆಮೇಲೆ ರೊಟ್ಟಿ. ಬಡಿಯುವ ಸಪ್ಪಳ ಒಮ್ಮೆ ಶುರುವಾದರೆ ಮಧ್ಯಾಹ್ನದ ಊಟ ಮುಗಿಯುವ ತನಕ ನಿಲ್ಲುತ್ತಿರಲಿಲ್ಲ. ಅಷ್ಟು ಹೊತ್ತೂ ಬರಿಗಾಲು, ಬಂಡೆಗಲ್ಲಿನ ನೆಲ. ಭಾರವೆಲ್ಲ ಮೊಣಕಾಲಿನ ಅದೇ ಸವೆದ ಬದಿಗೆ. ಆಕೆ ಆ ಕಾಲಿನಿಂದ ಈ ಕಾಲಿಗೆ, ಈ ಕಾಲಿನಿಂದ ಆ ಕಾಲಿಗೆ ವಾಲಿ ನಿಲ್ಲುವುದನ್ನು ನಾನು ಹೊಸ್ತಿಲ ಆಚೆಯಿಂದ ನೋಡುತ್ತಿದ್ದೆ. ನನ್ನ ಕೆಲಸವಿದ್ದದ್ದು ಅಲ್ಲಿ, ನನ್ನನ್ನು ಇಟ್ಟದ್ದು ಇಲ್ಲಿ. ಕೊಡೆಯನ್ನು ಬಾಗಿಲಲ್ಲಿ ಬಿಟ್ಟು ಮಳೆಗೆ ಇಳಿದವರನ್ನು ಕಂಡಹಾಗೆ ನನಗೆ ಸಂಕಟವಾಗುತ್ತಿತ್ತು.

ಕರೆದು ಹೇಳೋಣವೆಂದರೆ ನನಗೆ ಬಾಯಿಲ್ಲ. ಹೇಳಿದ್ದರೂ ಕೇಳುತ್ತಿದ್ದಳೋ ಇಲ್ಲವೋ. ಒಲೆಯ ಮುಂದೆ ಕಾಲಲ್ಲಿ ಏನಾದರೂ ಹಾಕಿಕೊಂಡು ನಿಲ್ಲುವುದು ಆ ಮನೆಯಲ್ಲಿ ಯಾರ ತಲೆಗೂ ಬರುವ ವಿಚಾರವೇ ಅಲ್ಲ. ಒಮ್ಮೆ ಮಹಾಂತಪ್ಪ ಜೋಳದ ಚೀಲ ಹೊತ್ತು ಅವಸರದಲ್ಲಿ ಚಪ್ಪಲಿ ಸಮೇತ ಒಳಗೆ ಕಾಲಿಟ್ಟಿದ್ದನಂತೆ. ನೀಲವ್ವ ಅವನನ್ನು ಹೊರಗೆ ನಿಲ್ಲಿಸಿ, ಉರಿಯುವ ಒಲೆ ಆರಿಸಿ, ಅಡಿಗೆಮನೆ ಪೂರ್ತಿ ತೊಳೆಸಿದ ಮೇಲೆಯೇ ಮತ್ತೆ ಬೆಂಕಿ ಹಚ್ಚಿದಳಂತೆ. ಅವತ್ತು ಉಣ್ಣಲು ಬಂದವರು ಕಾದು ಕಾದು ಸುಸ್ತಾದರೆಂದು ಕಸ್ತೂರೆವ್ವ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಹೀಗೆ ತಿಂಗಳುಗಳು ಹೋದವು. ನೋವು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಮನೆಗೆ ಮರಳುವಾಗ ಬಲಗಾಲು ನನ್ನ ಮೇಲೆ ಊರುವ ಬದಲು ಎಳೆದುಕೊಂಡು ಬರುತ್ತಿತ್ತು. ನಡುವೆ ಹೂವಿನವಳ ಬುಟ್ಟಿಯ ಪಕ್ಕ ನಿಂತು, ಹೂ ಕೊಳ್ಳುವ ನೆಪದಲ್ಲಿ ಉಸಿರು ಬಿಡುತ್ತಿದ್ದಳು. ಕೊನೆಗೆ ಕಸ್ತೂರೆವ್ವ ಜುಲುಮೆ ಮಾಡಿ ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

"ಗಾದಿ ಹಾಕ್ಕೊಳ್ಳಾಕತ್ತೀರೇನ್ರಿ?" ಎಂದು ಡಾಕ್ಟರು ಕೇಳಿದರು.

"ಒಂದ ದಿನಾನೂ ಬಿಟ್ಟಿಲ್ರಿ."

ಆಕೆ ಹೇಳಿದ್ದು ಸುಳ್ಳಲ್ಲ. ಒಂದು ದಿನವೂ ಬಿಟ್ಟಿರಲಿಲ್ಲ. ದಿನಾ ಹಾಕಿಕೊಳ್ಳಿ ಎಂದರು, ದಿನಾ ಹಾಕಿಕೊಂಡಳು. ಕಾಲಲ್ಲಿ ಹಾಕಿಕೊಳ್ಳುವ ವಸ್ತು ಎಂದರೆ ಬೀದಿಗೆ ಎಂದೇ ಆಕೆಗೆ ಗೊತ್ತಿದ್ದದ್ದು. ಡಾಕ್ಟರಾದರೂ ಇನ್ನೊಂದು ಮಾತು ಕೇಳಬಹುದಿತ್ತಲ್ಲ ಎಂದು ನನಗೆ ಸಿಟ್ಟು ಬಂತು. ಆದರೆ ಅವರೂ ಇದೇ ಮಣ್ಣಿನವರು. ತಮ್ಮ ಮನೆಯ ಒಲೆಯ ಹತ್ತಿರ ಅವರೂ ಬರಿಗಾಲಲ್ಲೇ ಹೋಗುವವರು. ಹೊಳೆಯುವುದಾದರೂ ಹೇಗೆ? ಅವರು ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು, ಮೊಣಕಾಲು ಒತ್ತಿ ನೋಡಿದರು.

"ಇಷ್ಟ ದಿನ ಹಾಕ್ಕೊಂಡೂ ಹಿಂಗಾಗೇತಂದ್ರ ನಿಮಗ ಇದು ಹತ್ತಂಗಿಲ್ಲ, ಗುಣ ಕೊಡಂಗಿಲ್ಲ. ಮುಂದ ಆಪರೇಶನ್ ವಿಚಾರ ಮಾಡಬೇಕಾಗ್ತೈತಿ. ಸದ್ಯೇಕ ನಿಂದ್ರೂ ಕೆಲಸ ಬಿಟ್ಟ ಬಿಡ್ರಿ."

"ನಿಂದ್ರೂದು ಬಿಟ್ಟರ ರೊಟ್ಟಿ ಹೆಂಗ ಬಡೀಲ್ರಿ?"

"ಬ್ಯಾರೆಯವರು ಬಡೀತಾರ ಬಿಡ್ರಿ" ಎಂದರು ಡಾಕ್ಟರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನನ್ನ ಮೇಲಿದ್ದ ಪಾದ ಮಾತ್ರ ಬಿಗಿಯಾಯಿತು, ಬೆರಳುಗಳು ನನ್ನನ್ನು ಕಚ್ಚಿ ಹಿಡಿದವು.

ಅಲ್ಲಿಂದ ಬಂದು ಖಾನಾವಳಿಯ ಹಿಂಬಾಗಿಲ ಕಟ್ಟೆಯ ಮೇಲೆ ಕೂತು ಆಕೆ ಬಹಳ ಹೊತ್ತು ಲೇಸು ಬಿಚ್ಚಲಿಲ್ಲ. ಕಸ್ತೂರೆವ್ವ ಪಕ್ಕದಲ್ಲಿ ಬಂದು ಕೂತಳು.

"ಆಪರೇಶನ್ನಿಗೆ ಅಂಜಬ್ಯಾಡ್ರಿ ಅಕ್ಕಾರ. ಈಗೀಗ ಭಾಳ ಮಂದಿ ಮಾಡಿಸ್ಕೋತಾರ."

"ನಾ ಅದಕ್ಕ ಅಂಜಿಲ್ಲ. ಒಲಿ ಬಿಟ್ಟ ಮ್ಯಾಲೆ ನಾ ಯಾರು ಕಸ್ತೂರಿ? ಮನ್ಯಾಗ ಕೂತ ಉಣ್ಣೂ ಒಂದ ಬಾಯಿ. ಗಂಡ ಸತ್ತ ದಿನಾ ಹಂಗ ಅನಿಸಿತ್ತು. ಈ ಒಲಿ ಹಚ್ಚಿದ ಮ್ಯಾಲೆ ಮತ್ತ ಅನಿಸಿರಲಿಲ್ಲ."

ಕಸ್ತೂರೆವ್ವ ಎತ್ತರದ ಸ್ಟೂಲು ತರಿಸಿ, ಕೂತು ಬಡಿಯಿರಿ ಎಂದಳು. ನೀಲವ್ವ ಕೂತು ನೋಡಿದಳು. ಭುಜದ ಬಲ ರೊಟ್ಟಿಗೆ ಇಳಿಯದೆ ಎಲ್ಲ ರೊಟ್ಟಿಗಳೂ ಅಂಗೈ ಅಗಲಕ್ಕೇ ನಿಂತವು. ಮೂರನೆಯದಕ್ಕೆ ಸ್ಟೂಲನ್ನು ಕಾಲಿನಿಂದ ಸರಿಸಿ ಎದ್ದು ನಿಂತಳು. ಆಪರೇಶನ್ ವಿಚಾರವನ್ನು ಮುಂದೆ ನೋಡೋಣ ಎಂದು ಮುಂದಕ್ಕೆ ಹಾಕಿ, ನೋವಿನ ಎಣ್ಣೆ ತಿಕ್ಕಿಕೊಂಡು ದಿನ ದೂಡಿದಳು. ಕೆಲವು ಮುಂಜಾನೆ ಒಲೆಯ ಕಟ್ಟೆ ಹಿಡಿದುಕೊಂಡೇ ನಿಲ್ಲುತ್ತಿದ್ದಳು.

ಆಕೆಯ ಸಿಟ್ಟೆಲ್ಲ ನನ್ನ ಮೇಲೆ ತಿರುಗಿತು. ನನಗೆ ಅನ್ಯಾಯ ಅನಿಸಿತಾದರೂ ಆಕೆಯ ಲೆಕ್ಕದಲ್ಲಿ ಅದು ಸರಿಯೇ. ನೋವು ಕಳೆಯಲು ಬಂದವನು ನೋವು ಕಳೆಯಲಿಲ್ಲ. ಒಂದು ದಿನ ಬೂಟಿನೊಳಗಿಂದ ನಮ್ಮಿಬ್ಬರನ್ನೂ ಕಿತ್ತು ತೆಗೆದಳು.

ಖಾನಾವಳಿಗೆ ಮಧ್ಯಾಹ್ನ ಊಟಕ್ಕೆ ಬರುವವರಲ್ಲಿ ಶಾಹಿದಾ ಒಬ್ಬಳು, ಬಸ್ಸಿನ ಕಂಡಕ್ಟರು. ಅವಳಿಗೂ ಮೊಣಕಾಲಿನ ಒಳಬದಿಯ ನೋವು. ಉಂಡು ಏಳುವಾಗ ಟೇಬಲ್ಲಿಗೆ ಕೈಯೂರಿ ಏಳುವುದನ್ನು ನೀಲವ್ವ ಕಂಡಿದ್ದಳು.

"ನನಗ ಹತ್ತಲಿಲ್ಲವಾ. ನಿನಗರ ಹತ್ತತೈತೇನು ನೋಡು" ಎಂದು ನಮ್ಮನ್ನು ಅವಳ ಕೈಗೆ ಕೊಟ್ಟಳು. ನಮ್ಮ ಜನ ಉಳಿದ ಮಾತ್ರೆಯನ್ನು ಪಕ್ಕದ ಮನೆಯವರಿಗೆ ಕೊಡುವುದು ಹೀಗೆಯೇ. ಒಬ್ಬರ ಅಳತೆಯದು ಇನ್ನೊಬ್ಬರಿಗೆ ಹೊಂದದಿದ್ದರೆ ನೋವು ಹೆಚ್ಚಾಗುವುದೂ ಉಂಟು. ಶಾಹಿದಾಳ ಪಾದವೂ ಅಷ್ಟೇ ಉದ್ದ, ಸವೆತವೂ ಅದೇ ಬದಿ ಆದದ್ದು ನನ್ನ ಪುಣ್ಯ.

ಶಾಹಿದಾಳ ಬೂಟಿನೊಳಗೆ ಹೋದ ಮೇಲೆ ನನಗೆ ಕೈತುಂಬ ಕೆಲಸ ಅಂದರೇನೆಂದು ತಿಳಿಯಿತು. ಅವಳು ಮುಂಜಾನೆ ಯೂನಿಫಾರ್ಮಿನ ಜೊತೆ ಬೂಟು ಹಾಕಿದರೆ ಡ್ಯೂಟಿ ಮುಗಿಯುವ ತನಕ ಬಿಚ್ಚುತ್ತಿರಲಿಲ್ಲ. ರೋಣದ ದಾರಿ, ಮುಂಡರಗಿಯ ದಾರಿ. ಬಸ್ಸು ಕುಣಿಯುವಾಗ ಅವಳು ಕಂಬಕ್ಕೆ ಸೊಂಟ ಕೊಟ್ಟು, ಕಾಲು ಅಗಲಿಸಿ ನಿಂತು, "ಮುಂದ ಸರೀರಿ, ಮುಂದ ಜಾಗಾ ಐತಿ" ಎನ್ನುತ್ತಿದ್ದಳು. ಮುಂದೆ ಜಾಗ ಯಾವತ್ತೂ ಇರುತ್ತಿರಲಿಲ್ಲ. ಮೆಣಸಿನಕಾಯಿ ಚೀಲಗಳ ಸಂದಿಯಲ್ಲಿ, ಯಾರದೋ ಕೋಳಿ ಬುಟ್ಟಿಯ ಪಕ್ಕದಲ್ಲಿ ನಾನು ಅವಳ ಭಾರ ಹೊತ್ತು ನಿಂತಿರುತ್ತಿದ್ದೆ. ಮೊದಮೊದಲು ಅವಳಿಗೆ ಪಾದ ಓರೆಯೆನಿಸಿ ಬೈದುಕೊಂಡಳು. ದಿನ ಕಳೆದಂತೆ ಬೈಗುಳ ನಿಂತಿತು. ಬಸ್ಸಿನ ಮೆಟ್ಟಿಲು ಇಳಿಯುವಾಗ ಹಲ್ಲು ಕಚ್ಚುವುದೂ ಕಡಿಮೆಯಾಯಿತು.

ಒಂದು ಮಧ್ಯಾಹ್ನ ಉಂಡ ಮೇಲೆ ಅವಳು ಕೈ ತೊಳೆಯಲು ಖಾನಾವಳಿಯ ಹಿಂಬದಿಗೆ ಬಂದಳು. ನೀಲವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಅವ್ವಾರ, ಹೇಳೂದ ಮರತಿದ್ದೆ. ನಿಮ್ಮ ಗಾದಿ ನನಗ ಹತ್ತೇತ್ರಿ. ನೋವು ಪೂರಾ ಹೋಗಿಲ್ಲ. ಆದ್ರ ಮೊದಲಿನಂಗಿಲ್ಲ."

ನೀಲವ್ವನಿಗೆ ಸಂತೋಷವಾಗಲಿಲ್ಲ, ಆದಂತೆ ನಟಿಸಲೂ ಇಲ್ಲ. "ಮತ್ತ ನನಗ್ಯಾಕ ಹತ್ತಲಿಲ್ಲ? ನಾ ಯಾರಿಗೆ ಏನ ಮಾಡಿದ್ದೆ?" ಎಂದಳು.

"ನೀವು ಹಾಕ್ಕೊಂಡ ಎಷ್ಟೊತ್ತು ನಿಂದ್ರತಿದ್ರಿ?"

"ನಿಂದ್ರೂದೆಲ್ಲಿ? ಮನಿಯಿಂದ ಇಲ್ಲೀತನಕ ಹಾಕ್ಕೋತಿದ್ದೆ. ಇಲ್ಲಿ ಬಿಟ್ಟು ಒಳಗ ಹೋಗತಿದ್ದೆ."

ಶಾಹಿದಾ ನೀಲವ್ವನ ಬರಿಗಾಲು ನೋಡಿದಳು. ಆಚೆ ಒಲೆ ನೋಡಿದಳು. ಬಾಯಿ ಒರೆಸುತ್ತಿದ್ದ ಕರ್ಚೀಪು ಅಲ್ಲೇ ನಿಂತಿತು.

"ಹಂಗಾದ್ರ ನೀವು ಹಾಕ್ಕೊಂಡ ಇಲ್ಲಲ್ರಿ ಅವ್ವಾರ. ನಿಂತಾಗ ಹಾಕ್ಕೊಂಡ್ರ ಅಲ್ಲೇನ್ರಿ ಅದರ ಉಪಯೋಗ?"

"ಒಲಿ ಮುಂದ ಯಾರರ ಕಾಲಾಗ ಹಾಕ್ಕೋತಾರೇನವಾ?"

"ಇಲ್ರಿ. ನಾನೂ ನಮ್ಮ ಮನ್ಯಾಗ ಹಾಕ್ಕೊಳ್ಳೂದಿಲ್ಲ" ಎಂದಳು ಶಾಹಿದಾ ಮೆತ್ತಗೆ. "ನಂದು ನಿಂದ್ರೂ ಕೆಲಸ ಬಸ್ಸಿನಾಗ ಐತಿ, ನಿಮ್ಮದು ಇಲ್ಲಿ ಐತಿ. ಅಷ್ಟ ನೋಡ್ರಿ ಫರಕು."

ಮುಂದಿನ ವಾರ ಅವಳು ಗುರುನಾಥನ ಹತ್ತಿರ ತನ್ನ ಅಳತೆಯ ಗಾದಿ ಮಾಡಿಸಿಕೊಂಡು, ನಮ್ಮನ್ನು ತೊಳೆದು, ಒಣಗಿಸಿ, ನೀಲವ್ವನಿಗೆ ತಂದುಕೊಟ್ಟಳು. ನೀಲವ್ವ ನಮ್ಮನ್ನು ಮತ್ತೆ ಬೂಟಿನೊಳಗೆ ಇಟ್ಟು, ಕಸ್ತೂರೆವ್ವನನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋಗಿ, ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಡಾಕ್ಟರು ಹಣೆ ತಿಕ್ಕಿಕೊಂಡರು.

"ನಾನೂ ಕೇಳಬೇಕಾಗಿತ್ತು, ತಪ್ಪಾತು. ಮೊದಲ ಇದನ್ನ ಸರಿಯಾಗಿ ಮಾಡಿ ನೋಡೂಣು. ಆಪರೇಶನ್ ಎಲ್ಲೂ ಓಡಿ ಹೋಗಂಗಿಲ್ಲ. ಆದ್ರ ಒಲಿ ಮುಂದೂ ಹಾಕ್ಕೋಬೇಕ್ರಿ. ಇಲ್ಲಾಂದ್ರ ಒಲಿ ಮುಂದ ನಿಂದ್ರೂದ ಬಿಡಬೇಕು. ಎರಡರಾಗ ಒಂದು. ಬರಿಗಾಲಾಗ ಹಿಂಗ ನಿಂತ್ರಿ ಅಂದ್ರ, ಮುಂದ ನಡ್ಯೂದೂ ಕಷ್ಟ ಆಕ್ಕೈತಿ."

ನನಗಂತೂ ಎದ್ದು ಕುಣಿಯಬೇಕು ಎನಿಸಿತು. ಇನ್ನು ಹೊಸ್ತಿಲು ದಾಟಬಹುದು, ಇನ್ನು ನನ್ನ ಕೆಲಸ ನನಗೆ ಸಿಗುತ್ತದೆ ಎಂದುಕೊಂಡೆ. ನೀಲವ್ವನ ಹೆಜ್ಜೆ ಮಾತ್ರ ದಾರಿಯುದ್ದಕ್ಕೂ ಹಗುರಾಗಲಿಲ್ಲ.

ಕಸ್ತೂರೆವ್ವ ಸುಮ್ಮನಿರುವವಳಲ್ಲ. ಮೊದಲು ಗಾದಿಗಳನ್ನು ಕಾಲುಚೀಲದೊಳಗೆ ಇಟ್ಟು, "ಇದು ಬೂಟಲ್ಲ, ಬರೇ ಬಟ್ಟಿ" ಎಂದಳು. ನೀರು ಬಿದ್ದ ಬಂಡೆಯ ಮೇಲೆ ಕಾಲುಚೀಲ ಜಾರಿ, ನೀಲವ್ವನ ಕೈ ರೊಟ್ಟಿ ಬೇಯಿಸುವ ಕಾದ ಹಂಚಿನ ಅಂಚಿಗೆ ತಾಗಿತು. ಅದನ್ನು ಅಲ್ಲಿಗೇ ಬಿಟ್ಟರು. ಆಮೇಲೆ ಪೇಟೆಯಿಂದ ಜಾರದ ಅಡಿಯ ಬಿಳಿ ಬಟ್ಟೆಯ ಬೂಟು ತಂದಳು.

"ನೋಡ್ರಿ ಅಕ್ಕಾರ, ಇದರಾಗ ಚರ್ಮ ಇಲ್ಲ. ಬೀದಿ ಮಣ್ಣು ಕಂಡಿಲ್ಲ. ಒಳಗ ಹಾಕ್ಕೊಂಡು ಒಳಗ ಬಿಡ್ರಿ. ನಾ ಯಾರ ಮುಂದೂ ಹೇಳೂದಿಲ್ಲ."

"ಯಾರಿಗೂ ಗೊತ್ತಾಗಬಾರದು ಅನ್ನೂದನ್ನ ನಾ ಒಲಿ ಮುಂದ ಹೆಂಗ ಮಾಡ್ಲಿ?" ಎಂದಳು ನೀಲವ್ವ.

ಆದರೂ ಆಕೆ ಪ್ರಯತ್ನ ಮಾಡಿದಳು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಆಕೆ ಹಟಮಾರಿಯೆಂದು ನೀವು ಸುಲಭವಾಗಿ ಅಂದುಬಿಡಬಹುದು. ಆ ಸೋಮವಾರ ಬರಿಗಾಲಲ್ಲಿ ಒಲೆ ಪೂಜೆ ಮಾಡಿ, ಬೆಂಕಿ ಹಚ್ಚಿ, ಹೊರಗೆ ಬಂದು ಕಟ್ಟೆಯ ಮೇಲೆ ಕೂತು, ನಮ್ಮನ್ನು ಒಳಗಿಟ್ಟ ಬಿಳಿ ಬೂಟು ಹಾಕಿಕೊಂಡಳು. ಹೊಸ್ತಿಲ ಹತ್ತಿರ ಒಂದು ಕ್ಷಣ ನಿಂತಳು. ಆಮೇಲೆ ದಾಟಿದಳು.

ನಾನು ಮೊದಲ ಸಲ ಜಾರದೆ ಒಲೆಯ ಮುಂದೆ ನಿಂತೆ. ಇಷ್ಟು ದಿನ ಹೊರಗಿನಿಂದ ಕಂಡ ಕಟ್ಟೆ, ಹಂಚು, ಹಿಟ್ಟಿನ ಪರಾತ ಎಲ್ಲವೂ ತಲೆಯ ಮೇಲೆಯೇ ಇದ್ದವು. ಭಾರ ನನ್ನ ಮೇಲೆ ಇಳಿಯಿತು. ನಾನು ಅದನ್ನು ಹಿಡಿದೆ, ಎಲ್ಲಿಗೆ ಕಳಿಸಬೇಕೋ ಅಲ್ಲಿಗೆ ಕಳಿಸಿದೆ. ಆ ಕಾಲಿನಿಂದ ಈ ಕಾಲಿಗೆ ವಾಲುವುದು ನಿಂತಿತು. ಮೊಣಕಾಲು ನಡುಗಲಿಲ್ಲ. ನನ್ನ ಬದುಕಿನಲ್ಲಿ ಅಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ.

ಆದರೆ ಮೇಲೆ ರೊಟ್ಟಿ ಹರಿಯಿತು. ಎರಡನೆಯದೂ ಹರಿಯಿತು. ನಿದ್ದೆಗಣ್ಣಲ್ಲಿಯೂ ತಪ್ಪದ ಕೈ ಅದು. ಮೂರನೆಯದನ್ನು ಹೇಗೋ ಹಂಚಿನ ಮೇಲೆ ಹಾಕಿ, ಆಕೆ ಹಾಗೆಯೇ ನಿಂತುಬಿಟ್ಟಳು. ಸುಟ್ಟ ವಾಸನೆ ಬಂತು.

"ಅಕ್ಕಾರ, ತಿರುವಿ ಹಾಕ್ರಿ" ಎಂದಳು ಕಸ್ತೂರೆವ್ವ.

"ಕೈ ನಡೀವಲ್ದು ಕಸ್ತೂರಿ."

"ನೋವು ಐತೇನ್ರಿ?"

"ಇಲ್ಲ. ನೋವಿಲ್ಲ. ನೋವಿಲ್ಲಂತನ ಅಳು ಬರಾಕತ್ತೈತಿ."

ಕಸ್ತೂರೆವ್ವ ಹಂಚಿನ ಮೇಲಿನ ರೊಟ್ಟಿ ತೆಗೆದು, ನೀಲವ್ವನ ಬೆನ್ನ ಮೇಲೆ ಕೈಯಿಟ್ಟಳು. ಅವತ್ತಿನ ರೊಟ್ಟಿಗಳನ್ನು ಅವಳೇ ಬಡಿದಳು. ಮರುದಿನ ನೀಲವ್ವ ಮತ್ತೆ ಬೂಟು ಹಾಕಿಕೊಂಡಳು, ಮತ್ತೆ ರೊಟ್ಟಿ ಹರಿದವು. ಅದರ ಮರುದಿನವೂ ಹಾಗೆಯೇ. ಉಣ್ಣಲು ಬಂದವರು ಯಾರೂ ಆಕೆಯ ಕಾಲು ನೋಡಲಿಲ್ಲ, ಏನೂ ಅನ್ನಲಿಲ್ಲ. ಬೇರೆಯವರು ಬೇಡ ಅಂದಿದ್ದರೆ ಜಗಳವಾಡಿಯಾದರೂ ಗೆಲ್ಲಬಹುದಿತ್ತು ಎಂದು ನನಗೆ ಅನಿಸುತ್ತದೆ. ಆಕೆಗೆ ಬೇಡ ಅಂದದ್ದು ಆಕೆಯ ಕೈಯೇ. ನಾನು ಒಲೆಯನ್ನು ಬೈದುಕೊಂಡೆ. ಯಾವ ಬೆಂಕಿಗೆ ಇಷ್ಟು ವರ್ಷ ಮೊಣಕಾಲು ಸವೆಸಿದಳೋ ಅದು ಒಂದಿಷ್ಟು ಕಣ್ಣುಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು? ಒಲೆ ಏನೂ ಮಾಡಲಿಲ್ಲ, ತನ್ನ ಪಾಡಿಗೆ ಉರಿಯುತ್ತಿತ್ತು.

ಆ ವಾರದ ಕೊನೆಗೆ ನೀಲವ್ವ ಹೊಸ್ತಿಲ ಹೊರಗೆ ಬಂದು ಬಿಳಿ ಬೂಟು ಬಿಚ್ಚಿದಳು. ಕಾಲು ತೊಳೆದುಕೊಂಡು ಒಳಗೆ ಹೋಗಿ ವಿಭೂತಿಯ ಗಟ್ಟಿ ಕೈಗೆ ತೆಗೆದುಕೊಂಡಳು. ಒಲೆಗೆ ಎಳೆಯಲಿಲ್ಲ. ಕಸ್ತೂರೆವ್ವನ ಅಂಗೈಯಲ್ಲಿಟ್ಟಳು.

"ಇವತ್ತಿಂದ ಒಲಿ ನೀ ಹಚ್ಚು."

"ಅಕ್ಕಾರ, ನಿಮ್ಮಂಗ ನನಗ ಬರೂದಿಲ್ರಿ."

"ಬರತೈತಿ. ನಾ ಹೇಳಿಕೊಡತೀನಿ. ಕುಂಟಕೋತ ಕಟ್ಟಿ ಹಿಡಕೊಂಡ ನಿಂತ ಹೆಂಗಸು ಒಲಿ ಮುಂದ ಬ್ಯಾಡ. ಬೂಟ ಹಾಕ್ಕೊಂಡ ಹೆಂಗಸೂ ಬ್ಯಾಡ. ನಾ ಗಲ್ಲೆ ಮ್ಯಾಲೆ ಕೂಡ್ರತೀನಿ."

ಕಸ್ತೂರೆವ್ವ ಅತ್ತಳು. ನೀಲವ್ವ ಅಳಲಿಲ್ಲ. ಹೊರಗೆ ಬಂದು ಹಳೆಯ ಕರಿ ಬೂಟಿನೊಳಗೆ ನಮ್ಮನ್ನು ಇಟ್ಟು, ಲೇಸು ಕಟ್ಟಿಕೊಂಡು, ಸುತ್ತು ಹಾಕಿ ಮುಂಬಾಗಿಲಿನಿಂದ ಒಳಗೆ ಬಂದಳು. ಅಡಿ ಅಡಿಯೂ ಭಾರವಾಗಿತ್ತು. ಮೊಣಕಾಲಿನ ಭಾರ ಬೇರೆ, ಇದು ಬೇರೆ. ಇದನ್ನು ಎತ್ತ ಸರಿಸಬೇಕೆಂದು ನನಗೆ ಗೊತ್ತಾಗಲಿಲ್ಲ.

ಅವತ್ತಿನಿಂದ ನಮ್ಮ ಜಾಗ ಗಲ್ಲೆಯ ಟೇಬಲ್ಲಿನ ಕೆಳಗೆ. ಅಲ್ಲಿ ಬೂಟಿಗೆ ಯಾರ ಅಡ್ಡಿಯೂ ಇಲ್ಲ. ಡಾಕ್ಟರು ಹೇಳಿದ ಹಾಗೆ ನೀಲವ್ವ ಈಗ ನನ್ನನ್ನು ಮುಂಜಾನೆಯಿಂದ ಸಂಜೆಯ ತನಕ ಹಾಕಿಕೊಂಡಿರುತ್ತಾಳೆ. ಆದರೆ ಕೂತಿರುತ್ತಾಳೆ. ಹೇಳಿದ ವ್ಯಾಯಾಮವನ್ನೂ ತಪ್ಪದೆ ಮಾಡುತ್ತಾಳೆ. ನೋವು ಕಡಿಮೆಯಾಗಿದೆ, ಆಪರೇಶನ್ ಮಾತು ಸದ್ಯಕ್ಕೆ ಇಲ್ಲ. ನೋವು ಕಡಿಮೆಯಾಯಿತೆಂದು ಎಲ್ಲರೂ ಸಂತೋಷಪಡುತ್ತಾರೆ. ಆಕೆಯೂ "ಹೂಂ, ಈಗ ಚಲೋ ಐತಿ" ಎನ್ನುತ್ತಾಳೆ.

ನಿಜವಾದ ಸಂಗತಿ ಟೇಬಲ್ಲಿನ ಕೆಳಗಿರುವ ನಮ್ಮಿಬ್ಬರಿಗೇ ಗೊತ್ತು. ಊಟದ ಹೊತ್ತಿಗೆ ಒಳಗಿನಿಂದ ಕಸ್ತೂರೆವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ಕೇಳಿದ ಕೂಡಲೇ ನೀಲವ್ವನ ಪಾದಗಳು ನಮ್ಮ ಮೇಲೆ ಆಡಲು ಶುರುವಾಗುತ್ತವೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ನಿಂತು ಬಡಿಯುವವರ ಪಾದ ಆಡಿದಂತೆಯೇ. ಮೇಲೆ ಕೈ ಚಿಲ್ಲರೆ ಎಣಿಸುತ್ತಿರುತ್ತದೆ, ಬಾಯಿ ಗಿರಾಕಿಗಳ ಜೊತೆ ಮಾತಾಡುತ್ತಿರುತ್ತದೆ. ಕೆಳಗೆ ಪಾದಗಳು ರೊಟ್ಟಿ ಬಡಿಯುತ್ತಿರುತ್ತವೆ.

ಮೊನ್ನೆ ಹೊಸದಾಗಿ ಬಂದ ಒಬ್ಬ ಗಿರಾಕಿ ಕೈ ತೊಳೆದು ಬಂದು, "ನೀಲವ್ವನ ರೊಟ್ಟಿ ಅಂತ ಕೇಳಿದ್ದೆ, ಹೆಸರಿಗೆ ತಕ್ಕಂಗ ಅದಾವ್ರಿ. ನೀಲವ್ವ ಅಂದ್ರ ಒಳಗ ಒಲಿ ಮುಂದ ಅದಾರಲ್ಲ, ಅವರೇನ್ರಿ?" ಎಂದು ಕೇಳಿದ.

ಪಾದಗಳು ನಿಂತವು.

"ಹೂಂನಪಾ, ಆಕಿನ" ಎಂದಳು ನೀಲವ್ವ.

ಅವನು ಹೋದ ಮೇಲೂ ಪಾದಗಳು ಅಲ್ಲಾಡಲಿಲ್ಲ. ನನ್ನ ಅಂಚು ಇನ್ನೂ ಗಟ್ಟಿಯಾಗಿದೆ. ನಿಂತವರ ಕಾಲಡಿಯಲ್ಲಿ ನನ್ನಂಥವರು ವರ್ಷದೊಳಗೆ ಚಪ್ಪಟೆಯಾಗಿ ಮೂಲೆ ಸೇರುತ್ತಾರೆ. ಕೂತವರ ಕಾಲಡಿಯಲ್ಲಿ ಯಾರೂ ಬೇಗ ಸವೆಯುವುದಿಲ್ಲ. ಹಾಗಾಗಿ ನಾನು ಇನ್ನೂ ಬಹಳ ದಿನ ಇರುತ್ತೇನೆ.